ತಂತಿಗೂ ಬಂತು ಕೊಳೆ

ಶಿರಸಿಯಲ್ಲಿ ಜುಲೈ ಬಂತೆಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು, ಅಡಿಕೆಯ ಕೊಳೆರೋಗದ್ದು. ಕೊಳೆ ಬಂತಾ? ಔಷಧಿ ಹೊಡೆದಾಯ್ತಾ? ಈ ಸಲ ನಮ್ಮಲ್ಲಿ ಕೊಳೆ ಮೊದಲು ಬಂದಿದ್ದು ತೋಟಕ್ಕಲ್ಲ. ಹಿತ್ತಲ ಕೊಟ್ಟಿಗೆಯಲ್ಲಿರುವ ಕರೆಂಟ್ ಕುಲುಮೆಯ ತಂತಿಗೆ.

ಮಧ್ಯಾಹ್ನ ಮೂರು ಗಂಟೆ. ಒಳಗೆ ಅಡಿಕೆ ಸುಲಿಯುವ ನಾಲ್ಕು ಮೆಟ್ಟುಗತ್ತಿ ಕಾಯುತ್ತಿದ್ದವು. ಬಿಸಿಯ ಮೀಟರಿನಲ್ಲಿ 812 ಡಿಗ್ರಿ ಇತ್ತು. ನೋಡನೋಡುತ್ತ 809, 805, 798. ಬಿಸಿ ಹಿಡಿದಿಡುವ ಕಂಟ್ರೋಲರಿನ ದೀಪ ಉರಿಯುತ್ತಲೇ ಇದೆ, ಬಿಸಿ ಮಾತ್ರ ಇಳಿಯುತ್ತಿದೆ. ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದೆ. ಸೊನ್ನೆ. ಕಾಯಿಲ್ ತುಂಡಾಗಿತ್ತು.

ಮರುದಿನ ಕುಲುಮೆ ತಣಿದ ಮೇಲೆ ಬಾಗಿಲು ತೆಗೆದು ಕಾಯಿಲನ್ನು ಮೆಲ್ಲಗೆ ಎಳೆದೆ. ಹಪ್ಪಳದ ಹಾಗೆ ಮುರಿದು ಕೈಗೆ ಬಂತು. ಕಾಯಿಲ್ ನೈಕ್ರೋಮಿನದು, ನಿಕಲ್ ಮತ್ತು ಕ್ರೋಮಿಯಂ ಬೆರೆತ ಲೋಹ. ಅದು ಹೀಗೆ ಮುರಿಯುವ ತಂತಿಯಲ್ಲ. ಎಷ್ಟು ಸಲ ಕಾದರೂ ಬಗ್ಗುತ್ತದೆ ಅನ್ನುವುದೇ ಅದರ ದೊಡ್ಡ ಗುಣ. ಮುರಿದ ಬಾಯಿ ನೋಡಿದರೆ ಹಸಿರು. ಪಾಚಿಯ ಹಸಿರು.

ನಮ್ಮ ಆಚಾರಿ ಕನ್ನಡಕ ಏರಿಸಿ ನೋಡಿದರು. "ಹೆಗಡೇರೆ, ಇದಕ್ಕೂ ಕೊಳೆ ಬಂದ ಹಾಗಿದೆಯಲ್ಲ" ಎಂದರು. ನಗು ಬಂತು. ಆದರೆ ಲೋಹದ ಕೆಲಸದವರು ಈ ರೋಗಕ್ಕೆ ಇಟ್ಟ ಹೆಸರೂ ಅದೇ. ಗ್ರೀನ್ ರಾಟ್, ಹಸಿರು ಕೊಳೆ.

ಕುಲುಮೆಯ ಕತೆ ಚುಟುಕಾಗಿ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಕಟ್ಟಿದ್ದು. ಆಚಾರಿ ಹಳೇ ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಈ ಮೆಟ್ಟುಗತ್ತಿ ಮಾಡುತ್ತಾರೆ. ಬಡಿಯುವ ಕೆಲಸ ಅವರದ್ದೇ ಇದ್ದಲ ಕುಲುಮೆಯಲ್ಲಿ. ಹದ ಕೊಡುವುದು ಮಾತ್ರ ಇಲ್ಲಿ. ಚಿರೇಕಲ್ಲಿನ ಕಟ್ಟೆ, ಅದರ ಮೇಲೆ ಹಗುರ ಇನ್ಸುಲೇಷನ್ ಇಟ್ಟಿಗೆಯ ಗೂಡು. ಒಳಗೆ 15 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರ, 30 ಸೆಂಟಿಮೀಟರ್ ಉದ್ದ. ಎರಡೂ ಪಕ್ಕದ ಗೋಡೆಯಲ್ಲಿ ಐದೈದು ಕಾಲುವೆ ಕೊರೆದು ಕಾಯಿಲ್ ಕೂರಿಸಿದ್ದೆ. ಎರಡು ಕಿಲೋವ್ಯಾಟ್. ಬಿಸಿ ಅಳೆಯಲು ಕೆ ಟೈಪ್ ಥರ್ಮೋಕಪಲ್, ಅಂದರೆ ಎರಡು ಬೇರೆ ಲೋಹದ ತಂತಿಗಳ ತುದಿ ಬೆಸೆದದ್ದು.

ಒಂದು ಹಂಗಾಮು ಚೆನ್ನಾಗಿ ನಡೆಯಿತು. ಆಮೇಲೆ ಆಚಾರಿಯ ಗೊಣಗಾಟ ಶುರುವಾಯಿತು. "ನಿಮ್ಮ ಪೆಟ್ಟಿಗೆಯಲ್ಲಿ ಕತ್ತಿಗೆ ಹೊಟ್ಟು ಜಾಸ್ತಿ ಏಳುತ್ತದೆ." ನಿಜ. ಇದ್ದಲ ಬೆಂಕಿಯಲ್ಲಿ ಆಮ್ಲಜನಕ ಕಡಿಮೆ, ನನ್ನ ಗೂಡಿನಲ್ಲಿ ಪೂರ್ತಿ ಗಾಳಿ. ಕತ್ತಿಯ ಮೈ ಸುಟ್ಟು ಪದರ ಪದರವಾಗಿ ಉದುರುತ್ತಿತ್ತು. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಹಿಂದಿನ ಮೂಲೆಯಲ್ಲಿ ಒಂದು ಡಬ್ಬಿ ಇದ್ದಲು ಇಟ್ಟು, ಬಾಗಿಲ ಸಂದಿಗೆ ಸೆರಾಮಿಕ್ ಉಣ್ಣೆ ತುರುಕಿದೆ. ಹೊಟ್ಟು ನಿಂತಿತು, ಕತ್ತಿ ಫಳಫಳ. ಇಬ್ಬರಿಗೂ ಖುಷಿ. ಆರು ವಾರದಲ್ಲಿ ತಂತಿ ಸತ್ತಿತು.

ಅದು ಹೇಗೆ ಸತ್ತಿತು ಅಂತ ಗೊತ್ತಾಗದೆ ಹೊಸ ಕಾಯಿಲ್ ಹಾಕುವುದು ಬೇಡ ಅನ್ನಿಸಿತು. ಅದೇ ಸುರುಳಿಯ ಒಂದು ಮೀಟರ್ ಹೊಸ ತಂತಿ ಉಳಿದಿತ್ತು. 80 ಭಾಗ ನಿಕಲ್, 20 ಭಾಗ ಕ್ರೋಮಿಯಂ. ಅಯಸ್ಕಾಂತ ಹಿಡಿದೆ, ಅಂಟಲಿಲ್ಲ. ಸತ್ತ ತಂತಿಗೆ ಹಿಡಿದೆ. ಟಕ್ ಅಂತ ಹಾರಿ ಅಂಟಿತು!

ಇಡೀ ಕಾಯಿಲನ್ನು ಕಟ್ಟೆಯ ಮೇಲೆ ಜೋಡಿಸಿ ಒಂದೊಂದೇ ಗೇಣಿಗೆ ಅಯಸ್ಕಾಂತ ಹಿಡಿಯುತ್ತ ಹೋದೆ. ಹಿಂದಿನ ಮೂಲೆ, ಅಂದರೆ ಇದ್ದಲ ಡಬ್ಬಿಯ ಪಕ್ಕದ ತುಂಡು ಬಿಗಿಯಾಗಿ ಅಂಟಿತು. ನಡುವಿನದು ಸ್ವಲ್ಪ. ಬಾಗಿಲ ಹತ್ತಿರ ಎಷ್ಟು ಬಿಗಿದರೂ ಗಾಳಿ ನುಗ್ಗುತ್ತದಲ್ಲ, ಅಲ್ಲಿಯ ತಂತಿ ಅಂಟಲೇ ಇಲ್ಲ, ಬಗ್ಗಿಸಿದರೆ ಬಗ್ಗಿತು. ರೋಗದ ನಕಾಶೆಯೇ ಸಿಕ್ಕಂತಾಯಿತು.

ಇದರ ಲೆಕ್ಕ ಹೀಗೆ. ಶುದ್ಧ ನಿಕಲ್ ಅಯಸ್ಕಾಂತಕ್ಕೆ ಅಂಟುತ್ತದೆ. ಅದನ್ನು 358 ಡಿಗ್ರಿಗೆ ಕಾಯಿಸಿದರೆ ಆ ಗುಣ ಹೋಗುತ್ತದೆ. ನಿಕಲ್‌ಗೆ ಕ್ರೋಮಿಯಂ ಬೆರೆಸುತ್ತ ಹೋದರೆ ಈ ಅಂಕಿ ಸರ್ರನೆ ಕೆಳಗಿಳಿಯುತ್ತದೆ. ಕ್ರೋಮಿಯಂ ಪ್ರತಿಶತ 10ರ ಹತ್ತಿರ ಬರುವಷ್ಟರಲ್ಲಿ ನಮ್ಮ ಕೋಣೆಯ ಬಿಸಿಯಲ್ಲೂ ಅಂಟುವುದಿಲ್ಲ. ಹಾಗಾದರೆ 20 ಇದ್ದ ತಂತಿ ಅಂಟಿತು ಅಂದರೆ ಕ್ರೋಮಿಯಂ ಲೋಹದೊಳಗೆ ಉಳಿದಿಲ್ಲ ಅಂತಾಯಿತು. ಹಾರಿ ಹೋಗಿಲ್ಲ, ತಂತಿಯಲ್ಲೇ ಇದೆ. ಹಸಿರು ಬೂದಿಯಾಗಿ ಇದೆ. ಕ್ರೋಮಿಯಂ ಆಕ್ಸೈಡಿನ ಬಣ್ಣ ಹಸಿರು.

ಕಣ್ಣಾರೆ ನೋಡಬೇಕು ಅನ್ನಿಸಿತು. ಕಾರವಾರದಲ್ಲಿ ಪಾಠ ಮಾಡುವ ನಮ್ಮ ಭಾವನ ಕಾಲೇಜಿನಲ್ಲಿ ಲೋಹ ನೋಡುವ ಮೈಕ್ರೋಸ್ಕೋಪ್ ಇದೆ. ಮನೆಯಲ್ಲೇ ತಯಾರಿ ಮಾಡಿಕೊಂಡೆ. ಹೊಸ ತಂತಿ, ಬಾಗಿಲ ಕಡೆಯ ತಂತಿ, ಕೊಳೆತ ತಂತಿ, ಮೂರು ಚೂರನ್ನು ಬಾಟಲಿ ಮುಚ್ಚಳದಲ್ಲಿ ನಿಲ್ಲಿಸಿ ಅರಾಲ್ಡೈಟ್ ಸುರಿದೆ. ಹಿಂದೆ ಒಂದಿಷ್ಟು ಬಾಲ ಹೊರಗೆ ಬಿಟ್ಟೆ, ಕರೆಂಟು ಕೊಡಬೇಕಲ್ಲ. 220ರಿಂದ 2000 ನಂಬರಿನವರೆಗೆ ನೀರು ಹಾಕಿ ತಿಕ್ಕುವ ಉಜ್ಜುಕಾಗದದಲ್ಲಿ ತಿಕ್ಕಿ, ಕೊನೆಗೆ ಡೈಮಂಡ್ ಪೇಸ್ಟ್. ನೈಕ್ರೋಮ್ ಸುಲಭಕ್ಕೆ ಆಸಿಡ್‌ಗೆ ಬಗ್ಗುವುದಿಲ್ಲ. 10 ಪ್ರತಿಶತದ ಆಕ್ಸಾಲಿಕ್ ಆಸಿಡ್‌ನಲ್ಲಿ ಅದ್ದಿ, 6 ವೋಲ್ಟಿನ ಬ್ಯಾಟರಿಯ ಪ್ಲಸ್ ಕೊಟ್ಟರೆ ಕೆಲವೇ ಸೆಕೆಂಡಿನಲ್ಲಿ ಕಣಗಳ, ಅಂದರೆ ಲೋಹದೊಳಗಿನ ಸಣ್ಣ ಹರಳುಗಳ, ಗೆರೆ ಏಳುತ್ತದೆ. ಆಕ್ಸಾಲಿಕ್ ವಿಷ. ಗ್ಲೌಸ್ ಹಾಕಿಯೇ ಮಾಡಿ, ಅಡುಗೆಮನೆಯ ಪಾತ್ರೆ ಮುಟ್ಟಬೇಡಿ. ಮಳೆಯಲ್ಲಿ ದೇವಿಮನೆ ಘಟ್ಟ ಇಳಿದು, ಕುಮಟಾದಲ್ಲಿ ಬಸ್ಸು ಬದಲಿಸಿ, ಅಂಕೋಲಾ ದಾಟಿ ಕಾರವಾರ ಸೇರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಹೊಸ ತಂತಿಯಲ್ಲಿ ಸಣ್ಣ ಸಣ್ಣ ಕಣಗಳು, ಒಂದೇ ಸಮ. ಕೆಲವು ಕಣಗಳ ಒಳಗೆ ಅಡಿಕೋಲು ಇಟ್ಟು ಎಳೆದಂಥ ಜೋಡಿ ಗೆರೆ. ನಿಕಲ್, ತಾಮ್ರದಂಥ ಲೋಹ ಕಾದು ಮೆದುವಾದಾಗ ಕಾಣುವ ಅವಳಿ ಗೆರೆಗಳು ಅವು. ಬಾಗಿಲ ಕಡೆಯ ತಂತಿಯಲ್ಲಿ ಕಣಗಳು ಬೆಳೆದು ದಪ್ಪವಾಗಿದ್ದವು. ಒಂದೆರಡು ಕಡೆ ಒಂದೇ ಕಣ ತಂತಿಯ ಅರ್ಧ ಅಗಲ ಹಿಡಿದಿತ್ತು. ಆದರೂ ಮೈ ಚೊಕ್ಕ, ಅಂಚಿನಲ್ಲಿ ತೆಳು ಆಕ್ಸೈಡ್ ಗೆರೆ ಅಷ್ಟೇ. ಮೂರನೆಯದರಲ್ಲಿ ಕಣ ಕಣದ ಸಂದಿಯಲ್ಲೂ ಕಪ್ಪು ಹಸಿರು ಬೇರು ಇಳಿದಿತ್ತು. ಅಂಚಿನಿಂದ ನಡುವಿನವರೆಗೆ. ಬೇರುಗಳ ನಡುವೆ ಮಿನುಗುತ್ತಿದ್ದುದು ಬಹುಪಾಲು ಬರೀ ನಿಕಲ್. ಗಾರೆ ಪುಡಿಯಾದ ಕಲ್ಲಿನ ಗೋಡೆ ಇದು. ಕಲ್ಲು ಗಟ್ಟಿ ಇದ್ದರೂ ಗೋಡೆ ನಿಲ್ಲುವುದಿಲ್ಲ.

ಭಾವ ಕ್ಯಾಂಟೀನಿನಲ್ಲಿ ಚಾ ಕುಡಿಯುತ್ತ ಕಾಗದದ ಮೇಲೆ ಗೀಚಿ ತಿಳಿಸಿದ್ದನ್ನು ನನ್ನ ಮಾತಲ್ಲಿ ಬರೆಯುತ್ತೇನೆ.

ನಿಕಲ್ ಪರಮಾಣುಗಳು ಒತ್ತೊತ್ತಾಗಿ ಪೇರಿಸಿದ ಅಡಿಕೆಯ ಹಾಗೆ ಕೂತಿರುತ್ತವೆ. ಕ್ರೋಮಿಯಂ ಪರಮಾಣು ಒಂಚೂರು ದಪ್ಪ. ಅದು ನಡುವೆ ಸೇರಿದರೆ ಅಕ್ಕಪಕ್ಕದ ಸಾಲು ಸೊಟ್ಟಗಾಗುತ್ತದೆ. ಲೋಹ ಬಗ್ಗುವುದು ಅಂದರೆ ಈ ಸಾಲುಗಳು ಒಂದರ ಮೇಲೊಂದು ಜಾರುವುದು. ಸಾಲು ಸೊಟ್ಟಗಿದ್ದರೆ ಜಾರುವುದು ಕಷ್ಟ. ಅದಕ್ಕೇ ಎಳೆದು ನೋಡಿದರೆ ಮೆದು ಮಾಡಿದ ನಿಕಲ್ ಸುಮಾರು 400 ಮೆಗಾಪಾಸ್ಕಲ್‌ಗೆ ಹರಿದರೆ, 80-20 ತಂತಿ 700ರ ಆಸುಪಾಸು ತಡೆಯುತ್ತದೆ. ಅದೇ ಸೊಟ್ಟ ಸಾಲು ಕರೆಂಟಿಗೂ ಅಡ್ಡ. ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ದಪ್ಪದ ನಿಕಲ್ ತಂತಿಯ ರೆಸಿಸ್ಟೆನ್ಸ್ 0.07 ಓಮ್, 80-20ಕ್ಕೆ 1.09. ಹದಿನೈದು ಪಟ್ಟು! ಗಟ್ಟಿತನವೂ ಬಿಸಿಯಾಗುವ ಗುಣವೂ ಒಂದೇ ಬುಡದಿಂದ ಬಂದವು ಅಂತ ನನಗೆ ಹೊಳೆದಿದ್ದು ಆವತ್ತೇ.

"ಹಾಗಾದರೆ ಕ್ರೋಮಿಯಂ ಇನ್ನೂ ಜಾಸ್ತಿ ಸುರಿದರಾಯ್ತಲ್ವಾ ಭಾವ?" ಅಂದೆ.

ಆಗುವುದಿಲ್ಲ. ಕರಗುವ ಹೊತ್ತಿನಲ್ಲಿ, ಅಂದರೆ 1345 ಡಿಗ್ರಿಯಲ್ಲಿ, ನಿಕಲ್ ತನ್ನೊಳಗೆ ಪ್ರತಿಶತ 47ರ ಹತ್ತಿರ ಕ್ರೋಮಿಯಂ ಹಿಡಿಸಿಕೊಳ್ಳುತ್ತದೆ. ತಣಿಯುತ್ತ ಹಿಡಿಸುವ ಪಾಲು ಕಡಿಮೆಯಾಗುತ್ತದೆ. ಮಿಕ್ಕಿದ್ದು ಬೇರೆಯೇ ಕಣವಾಗಿ ಹೊರಗೆ ಬೀಳುತ್ತದೆ. ಕ್ರೋಮಿಯಂ ತುಂಬಿದ, ಜೋಡಣೆಯೇ ಬೇರೆಯಿರುವ, ಗಡುಸು ಕಣ. ಅರ್ಧಕ್ಕರ್ಧ ಬೆರೆಸಿದ ಲೋಹವೂ ಇದೆ. ಎಣ್ಣೆ ಉರಿಸುವ ಬಾಯ್ಲರಿನ ಕೆಟ್ಟ ಬೂದಿಯನ್ನು ತಡೆಯಲು ಅಚ್ಚು ಎರೆದು ಬಳಸುತ್ತಾರೆ. ತಂತಿ ಎಳೆಯಲು ಹೋದರೆ ಬಿರಿಯುತ್ತದೆ. 20ರಲ್ಲಿ ಎಲ್ಲವೂ ಒಂದೇ ಬಗೆಯ ಕಣ, ಹಾಗಾಗಿ ಕೂದಲೆಳೆಯಷ್ಟು ಸಣ್ಣಗೂ ಎಳೆಯಬಹುದು.

ಇನ್ನೊಂದು ಕಡೆ, 10ಕ್ಕಿಂತ ಕಡಿಮೆ ಮಾಡಿದರೂ ಕಷ್ಟ. ಕ್ರೋಮಿಯಂ ಮೇಲ್ಮೈಗೆ ಬಂದು ಮುಚ್ಚಿದ ಪೊರೆ ಕಟ್ಟುವಷ್ಟು ಇರುವುದಿಲ್ಲ. ಆಮ್ಲಜನಕವೇ ಒಳಗಿಳಿದು ಅದನ್ನು ಅಲ್ಲಲ್ಲೇ ಸುಡುತ್ತದೆ. 80-20ರ ಪೇಟೆಂಟು ಆಲ್ಬರ್ಟ್ ಮಾರ್ಷ್‌ಗೆ ಸಿಕ್ಕಿದ್ದು 1906ರಲ್ಲಿ. ಇಂದಿಗೂ ಬಳಕೆಯಲ್ಲಿರುವುದು ಅದೇ ಲೆಕ್ಕ.

ಬಿಸಿಯಲ್ಲಿ ಇನ್ನೂ ಗಟ್ಟಿ ಬೇಕಾದರೆ ದಾರಿ ಬೇರೆ. ಇದೇ 80-20ಕ್ಕೆ ಟೈಟಾನಿಯಂ ಎರಡು ಚಿಲ್ಲರೆ, ಅಲ್ಯೂಮಿನಿಯಂ ಒಂದು ಚಿಲ್ಲರೆ ಪ್ರತಿಶತ ಸೇರಿಸಿದರೆ, ಹದ ಕೊಟ್ಟಾಗ ಒಳಗೆ ತೀರಾ ಸಣ್ಣ ಹರಳುಗಳು ಹುಟ್ಟಿ ಜಾರುವ ಸಾಲುಗಳನ್ನು ಹಿಡಿದು ನಿಲ್ಲಿಸುತ್ತವೆ. 1940ರ ದಶಕದಲ್ಲಿ ಜೆಟ್ ಎಂಜಿನ್ನಿನ ಬ್ಲೇಡಿಗೆ ಬಂದ ನಿಮೋನಿಕ್ 80ಎ ಅಂದರೆ ಅದೇ. ನನ್ನ ಕುಲುಮೆಯ ತಂತಿಗೂ ವಿಮಾನಕ್ಕೂ ನೆಂಟಸ್ತಿಕೆ! ಮನೆಗೆ ಬಂದು ಹೇಳಿದರೆ ಆಚಾರಿ ನಂಬಲಿಲ್ಲ.

ಹಾಗಿದ್ದರೆ ಇದ್ದಲು ಮಾಡಿದ್ದೇನು? ಗಾಳಿ ಧಾರಾಳ ಇದ್ದಾಗ ಕ್ರೋಮಿಯಂ ಮೇಲೆ ತೆಳು ಪೊರೆ ಕಟ್ಟುತ್ತದೆ. ಒಡೆದರೆ ಮತ್ತೆ ಕಟ್ಟುತ್ತದೆ, ಅದರ ಕೆಳಗೆ ತಂತಿ ಕ್ಷೇಮ. ಇದ್ದಲಿನಿಂದ ಕಾರ್ಬನ್ ಮಾನಾಕ್ಸೈಡ್ ತುಂಬಿದಾಗ ಆಮ್ಲಜನಕ ಬಹಳ ಕಡಿಮೆ. ನಿಕಲ್ಲನ್ನು ಸುಡುವಷ್ಟಿಲ್ಲ, ಕ್ರೋಮಿಯಂ ಸುಡುವಷ್ಟಿದೆ. ಜೊತೆಗೆ ಇಂಗಾಲ ಕಣಗಳ ಸಂದಿಯಲ್ಲಿ ನುಗ್ಗಿ ಕ್ರೋಮಿಯಂ ಹಿಡಿದು ಕಾರ್ಬೈಡ್ ಆಗುತ್ತದೆ. ಬಾಗಿಲು ತೆರೆದಾಗ ಗಾಳಿ ಬಂದು ಆ ಕಾರ್ಬೈಡನ್ನೇ ಸುಡುತ್ತದೆ. ನಾನೋ ದಿನಕ್ಕೆ ನಾಲ್ಕು ಸಲ ಇದ್ದಲು, ನಾಲ್ಕು ಸಲ ಗಾಳಿ ಕೊಡುತ್ತಿದ್ದೆ. ಅದೂ 800ರಿಂದ 1000 ಡಿಗ್ರಿಯ ನಡುವೆ, ಈ ರೋಗಕ್ಕೆ ಹೇಳಿ ಮಾಡಿಸಿದ ಬಿಸಿಯಲ್ಲಿ.

ವಾಪಸು ಬರುವಾಗ ಬಸ್ಸಿನಲ್ಲಿ ತಲೆಗೆ ಹೊಳೆಯಿತು. ಕೆ ಟೈಪ್ ಥರ್ಮೋಕಪಲಿನ ಒಂದು ಕಾಲು ಕ್ರೋಮೆಲ್. 90 ನಿಕಲ್, 10 ಕ್ರೋಮಿಯಂ. ಕಾಯಿಲಿಗಿಂತ ಅರ್ಧ ಕ್ರೋಮಿಯಂ! ಕಾಯಿಲಿಗೇ ಕೊಳೆ ಬಂದ ಮೇಲೆ ಅದು ಉಳಿಯುತ್ತದಾ?

ಮನೆಗೆ ಬಂದವನೇ ಅಯಸ್ಕಾಂತ ಹಿಡಿದೆ. ಒಳ್ಳೇ ಕೆ ಟೈಪಿನಲ್ಲಿ ಒಂದೇ ಕಾಲು, ಅಲ್ಯೂಮೆಲ್ ಎಂಬ ಲೋಹದ್ದು, ಅಂಟಬೇಕು. ನನ್ನದರಲ್ಲಿ ತುದಿಯ ಹತ್ತಿರ ಎರಡೂ ಅಂಟಿದವು. ಕೊಳೆತ ಕ್ರೋಮೆಲ್ ಬಿಸಿಯನ್ನು ಕಡಿಮೆ ತೋರಿಸುತ್ತದೆ. ಎಷ್ಟು ಕಡಿಮೆ ಅಂತ ನೋಡಬೇಕಿತ್ತು. ಅಡುಗೆ ಉಪ್ಪು ಕರಗುವುದು 801 ಡಿಗ್ರಿಯಲ್ಲಿ. ಸಾಣಿಕಟ್ಟೆಯ ಹರಳುಪ್ಪು ಮನೆಯಲ್ಲಿ ಮೂಟೆಗಟ್ಟಲೆ ಇದ್ದರೂ ಅದರಲ್ಲಿ ಸಮುದ್ರದ ಬೇರೆ ಲವಣಗಳೂ ಇರುತ್ತವೆ, ಸ್ವಲ್ಪ ಮೊದಲೇ ಕರಗಬಹುದು. ಅದಕ್ಕೆ ಪ್ಯಾಕೆಟ್ ಪುಡಿ ಉಪ್ಪನ್ನೇ ಪಿಂಗಾಣಿ ಬಟ್ಟಲಲ್ಲಿ ಹಾಕಿ, ಥರ್ಮೋಕಪಲನ್ನು ಅದರ ಪಕ್ಕಕ್ಕೆ ತಾಗಿಸಿಟ್ಟು, ಆಚಾರಿಯ ಇದ್ದಲ ಕುಲುಮೆಯಲ್ಲೇ ಮೆಲ್ಲಗೆ ಕಾಯಿಸಿದೆ. ಕರೆಂಟ್ ಕುಲುಮೆಯೊಳಗೆ ಉಪ್ಪು ಇಡಬೇಡಿ, ಅದರ ಹಬೆ ತಂತಿಯ ಪೊರೆ ತಿನ್ನುತ್ತದೆ. ಉಪ್ಪು ನೀರಾದಾಗ ಮೀಟರು ತೋರಿಸಿದ್ದು 738.

ಅಂದರೆ 850 ಅಂತ ನಾನು ಇಟ್ಟಾಗ ಒಳಗೆ 900 ದಾಟಿರುತ್ತಿತ್ತು. ಕಂಟ್ರೋಲರ್ ಪಾಪ, ಸಾಲದು ಅಂತ ಮತ್ತೆ ಮತ್ತೆ ಕರೆಂಟು ತಳ್ಳುತ್ತಿತ್ತು. ಎರಡು ಕತ್ತಿಯ ಬಾಯಿ ಸಿಡಿದು ವಾಪಸು ಬಂದಿದ್ದಕ್ಕೂ ಕಾರಣ ಸಿಕ್ಕಿತು. ಆಗ ಆಚಾರಿ ಮುರಿದ ಜಾಗ ತೋರಿಸಿ, "ಸಕ್ಕರೆ ಹರಳಿನ ಹಾಗೆ ಕಾಣುತ್ತದೆ, ಉರಿ ಹೆಚ್ಚಾಗಿದೆ" ಅಂದಿದ್ದರು. ನಾನು ಮೀಟರು ತೋರಿಸಿ ವಾದ ಮಾಡಿದ್ದೆ. ಕ್ಷಮೆ ಕೇಳಿದೆ. ಅವರು ಎಲೆಅಡಿಕೆಯ ಕವಳ ಹಾಕುತ್ತ ಸುಮ್ನೆ ನಕ್ಕರು.

ಹೊಸ ಥರ್ಮೋಕಪಲ್ ಎನ್ ಟೈಪ್ ತರಿಸಿದೆ. ಅದರ ಒಂದು ಕಾಲಿನಲ್ಲಿ ಕ್ರೋಮಿಯಂ 14.2, ಸಿಲಿಕಾನ್ 1.4. ಇನ್ನೊಂದರಲ್ಲಿ ಸಿಲಿಕಾನ್ 4.4. ಕ್ರೋಮಿಯಂ ಏರಿಸಿ, ಪೊರೆ ಬಿಗಿಯಾಗಿ ಹಿಡಿಯಲಿ ಅಂತ ಸಿಲಿಕಾನ್ ಸೇರಿಸಿದ್ದು. ಕಂಟ್ರೋಲರಿನ ಸೆಟ್ಟಿಂಗಿನಲ್ಲಿ ಕೆ ತೆಗೆದು ಎನ್ ಮಾಡಿದರಾಯಿತು. ಮರೆತರೆ ಓದು ಪೂರ್ತಿ ತಪ್ಪು.

ತಂತಿಗೆ ಹುಬ್ಬಳ್ಳಿಗೆ ಹೋದೆ, ಅಯಸ್ಕಾಂತ ಜೇಬಿನಲ್ಲಿ. ಒಂದು ಅಂಗಡಿಯಲ್ಲಿ "ಅಸಲಿ ನೈಕ್ರೋಮ್ ಸರ್" ಎಂದು ಕೊಟ್ಟಿದ್ದು ಗಟ್ಟಿಯಾಗಿ ಅಂಟಿತು. ಅದು ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರೆತ ತಂತಿ. ಅದು ಕೆಟ್ಟದ್ದೇನಲ್ಲ. ಅಗ್ಗ, ಇನ್ನೂ ಜಾಸ್ತಿ ಬಿಸಿ ತಡೆಯುತ್ತದೆ, ಇದ್ದಲಿಗೂ ಅಷ್ಟು ಹೆದರುವುದಿಲ್ಲ. ಆದರೆ ಒಮ್ಮೆ ಕಾದರೆ ಅದರ ಕಣಗಳು ಬೆಳೆದು ಗಾಜಿನಂತಾಗುತ್ತದೆ, ಮುಟ್ಟಿದರೆ ಮುರಿಯುತ್ತದೆ. 900 ಡಿಗ್ರಿಯಲ್ಲಿ ನೈಕ್ರೋಮಿನ ಬಲ ಅದರ ಸುಮಾರು ಮೂರು ಪಟ್ಟು. ನಮ್ಮ ಗೂಡಿನಲ್ಲಿ ಕತ್ತಿ ಹಾಕುವಾಗ ತೆಗೆಯುವಾಗ ಕಾಯಿಲಿಗೆ ತಾಗದೆ ಇರುವುದಿಲ್ಲ. ಬೇಡ ಅಂದೆ. 35 ನಿಕಲ್, 20 ಕ್ರೋಮಿಯಂ, ಉಳಿದದ್ದು ಕಬ್ಬಿಣ, ಸ್ವಲ್ಪ ಸಿಲಿಕಾನ್ ಇರುವ ತಂತಿ ಹಸಿರು ಕೊಳೆಯನ್ನು ಚೆನ್ನಾಗಿ ತಡೆಯುತ್ತದೆ. ಬೇಕಾದ ದಪ್ಪದಲ್ಲಿ ಸಿಗಲಿಲ್ಲ. ಕೊನೆಗೆ ಮತ್ತೆ 80-20 ತಂದೆ. ಬದಲಾಯಿಸಬೇಕಾದ್ದು ತಂತಿಯನ್ನಲ್ಲ, ನನ್ನ ಇದ್ದಲ ಡಬ್ಬಿಯನ್ನು.

ದಪ್ಪ ಮಾತ್ರ ಬದಲಿಸಿದೆ. ಹಳೆಯದು 22 ಗೇಜ್. ಗೇಜಿನ ಅಂಕಿ ಇಳಿದಷ್ಟೂ ತಂತಿ ದಪ್ಪ. ಎರಡು ಕಿಲೋವ್ಯಾಟಿಗೆ 26.5 ಓಮ್ ಬೇಕು. ಅದರಲ್ಲಿ ಒಂಬತ್ತೂವರೆ ಮೀಟರಿಗೇ ಮುಗಿಯುತ್ತಿತ್ತು. ಅಷ್ಟು ಚಿಕ್ಕ ಮೈಯಿಂದ ಅಷ್ಟು ಬಿಸಿ ಹೊರಡಬೇಕು, ಚದರ ಸೆಂಟಿಮೀಟರಿಗೆ 9 ವ್ಯಾಟಿಗಿಂತ ಜಾಸ್ತಿ. ಗೂಡಿಗಿಂತ ತಂತಿ ಎಷ್ಟೋ ಬಿಸಿ ಇರುತ್ತಿತ್ತು. ಈಗ 18 ಗೇಜ್, 1.22 ಮಿಲಿಮೀಟರ್. 28.3 ಮೀಟರ್ ಬೇಕಾಯಿತು, ತೂಕ ಕಾಲು ಕಿಲೋಗಿಂತ ಸ್ವಲ್ಪ ಮೇಲೆ. ಚದರ ಸೆಂಟಿಮೀಟರಿಗೆ ಎರಡು ವ್ಯಾಟಿಗಿಂತ ಕಡಿಮೆ.

8 ಮಿಲಿಮೀಟರ್ ಸರಳನ್ನು ಡ್ರಿಲ್ಲಿಗೆ ಸಿಕ್ಕಿಸಿ ಜಗುಲಿಯಲ್ಲಿ ಸುತ್ತಿದೆವು. ನಾನು ಡ್ರಿಲ್, ಆಚಾರಿ ಚರ್ಮದ ತುಂಡಿನಲ್ಲಿ ತಂತಿ ಬಿಗಿ ಹಿಡಿದರು. ಸುಮಾರು 980 ಸುತ್ತು. ಒತ್ತಾಗಿ ಸುತ್ತಿದ ಕಾಯಿಲ್ 1.2 ಮೀಟರ್ ಬಂತು, ಎಳೆದು ಮೂರು ಮೀಟರ್ ಮಾಡಿದೆವು. ಎರಡೂವರೆ ಪಟ್ಟು. ಸುತ್ತುಗಳು ತಾಗಿಕೊಂಡರೆ ಅಲ್ಲೇ ಕಾದು ಸಾಯುತ್ತದೆ. ತುದಿಗಳನ್ನು ಎರಡೆಳೆ ಹೊಸೆದು ಹೊರಗೆ ತಂದೆ. ದಪ್ಪವಾದರೆ ಅಲ್ಲಿ ಬಿಸಿ ಕಡಿಮೆ. ತಂತಿಯ ಮೇಲಿದ್ದ ಎಣ್ಣೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ. ಎಣ್ಣೆ, ಗ್ರೀಸಿನಲ್ಲಿ ಗಂಧಕ ಇರಬಹುದು. ನಿಕಲ್ ಮತ್ತು ನಿಕಲ್ ಸಲ್ಫೈಡ್ ಸೇರಿದರೆ 640 ಡಿಗ್ರಿಯ ಹತ್ತಿರವೇ ಕರಗುತ್ತದೆ. ಅದೇ ಭಯಕ್ಕೆ ಪಕ್ಕದಲ್ಲಿಟ್ಟಿದ್ದ, ಕೊಳೆ ಔಷಧಿಯ ಮೈಲುತುತ್ತದ ಚೀಲವನ್ನೂ ಬೇರೆ ಕೋಣೆಗೆ ಸಾಗಿಸಿದೆ. ಅದೂ ಗಂಧಕದ್ದೇ ಲವಣ.

ಬಾಗಿಲ ಕೆಳಗೆ 12 ಮಿಲಿಮೀಟರಿನ ಒಂದು ತೂತು, ಹಿಂದೆ ಮೇಲುಗಡೆ ಇನ್ನೊಂದು. ಗಾಳಿ ಸದಾ ಆಡುತ್ತಿರಲಿ. ಬಾಗಿಲು ತೆರೆದರೆ ಕರೆಂಟು ಕಡಿಯುವ ಸ್ವಿಚ್ ಮೊದಲಿನಿಂದಲೂ ಇದೆ. ಅದಿಲ್ಲದೆ ಯಾರೂ ಇಂಥದ್ದು ಕಟ್ಟಬೇಡಿ, ಕಾಯಿಲ್ ಬರೀ ಮೈಯ ಕರೆಂಟು.

ಮೊದಲ ಸಲ ಹಾಕಿದ ಕೂಡಲೇ, ಕರೆಂಟು ಸೋರಿದರೆ ಕಡಿಯುವ ಇ.ಎಲ್.ಸಿ.ಬಿ. ಸ್ವಿಚ್ ಬಿತ್ತು. ಮಳೆಗಾಲದಲ್ಲಿ ಈ ಇಟ್ಟಿಗೆ ಹತ್ತಿಯ ಹಾಗೆ ನೀರು ಹೀರುತ್ತದೆ. ಗೂಡಿನೊಳಗೆ ಇದ್ದಲ ಅಗ್ಗಿಷ್ಟಿಕೆ ಇಟ್ಟು, ಕಾಯಿಲ್‌ಗೆ ಕರೆಂಟು ಕೊಡದೆ, ಒಂದು ಹಗಲಿಡೀ ಒಣಗಿಸಿದೆ. ಇದ್ದಲು ಬೇಡ ಅಂತ ಇಷ್ಟು ಬರೆದವನೇ ಇದ್ದಲು ಹಾಕಿದೆ, ನಿಜ. ಆದರೆ ಬಾಗಿಲು ಪೂರ್ತಿ ತೆರೆದಿತ್ತು, ತಂತಿ ಕೆಂಪಾಗಿರಲಿಲ್ಲ. ಮರುದಿನ ಬೀಳಲಿಲ್ಲ. ಖಾಲಿ ಕುಲುಮೆಯನ್ನು ಬಾಗಿಲು ಒಂದು ಬೆರಳು ತೆರೆದು 1000 ಡಿಗ್ರಿಗೆ ಒಯ್ದು ಐದು ತಾಸು ಬಿಟ್ಟೆ, ಪೊರೆ ಕಟ್ಟಲಿ ಅಂತ. ಬೆಳ್ಳಗಿದ್ದ ತಂತಿ ಮಂಕು ಹಸಿರುಗಪ್ಪಾಯಿತು. ಈ ಹಸಿರು ಮೇಲಿನದು, ಒಳ್ಳೆಯದು.

ತಣಿದ ಮೇಲೆ ಅಳೆದರೆ 26.5 ಇದ್ದದ್ದು 27.2 ಓಮ್ ಆಗಿತ್ತು. ಗಾಬರಿಯಾಗಿ ಭಾವನಿಗೆ ಫೋನ್ ಮಾಡಿದೆ. ನಿಧಾನಕ್ಕೆ ತಣಿಯುವಾಗ, 500 ಡಿಗ್ರಿಯ ಆಸುಪಾಸಿನಲ್ಲಿ, ನಿಕಲ್ ಮತ್ತು ಕ್ರೋಮಿಯಂ ಪರಮಾಣುಗಳು ಅಕ್ಕಪಕ್ಕ ಕೂರುವ ಕ್ರಮ ಕೊಂಚ ಬದಲಾಗುತ್ತದಂತೆ, ಅದಕ್ಕೇ ಎರಡು ಮೂರು ಪ್ರತಿಶತ ಏರುವುದು ಸಹಜ ಎಂದ.

ಹೊಟ್ಟಿನ ಸಮಸ್ಯೆಗೆ ಆಚಾರಿಯೇ ದಾರಿ ತೋರಿಸಿದರು. ಹುತ್ತದ ಮಣ್ಣು ಸೋಸಿ, ನೀರಲ್ಲಿ ಕಲಸಿ, ಕತ್ತಿಗೆ ತೆಳ್ಳಗೆ ಬಳಿದು ಒಣಗಿಸುವುದು. ಕಾದ ಕತ್ತಿಯನ್ನು ಹದಕ್ಕೆ ಎಣ್ಣೆಗೆ ಅದ್ದಿದಾಗ ಮಣ್ಣು ಬಿರಿದು ಉದುರುತ್ತದೆ. ಇದ್ದಲಿನಷ್ಟು ಫಳಫಳ ಬರುವುದಿಲ್ಲ, ಆದರೆ ಸಾಕು. ಮೊದಲೇ ಕೇಳಬಹುದಿತ್ತು.

ಆಗಸ್ಟ್ ಮುಗಿಯುವಷ್ಟರಲ್ಲಿ 23 ಸಲ ಕಾಯಿಸಿದ್ದೇವೆ. ಹಿಂದಿನ ಮೂಲೆಯಲ್ಲಿ, ಮೊದಲು ಇದ್ದಲ ಡಬ್ಬಿ ಇಡುತ್ತಿದ್ದ ಜಾಗದಲ್ಲಿ, ಅದೇ ಸುರುಳಿಯ ಒಂದು ಗೇಣು ತಂತಿ ಇಟ್ಟಿದ್ದೇನೆ. ಕರೆಂಟಿಲ್ಲ, ಬರೀ ಸಾಕ್ಷಿಗೆ. ಅಯಸ್ಕಾಂತ ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತಿದೆ. ಪ್ರತಿ ಭಾನುವಾರ ತಣ್ಣಗಿನ ಕುಲುಮೆಯಿಂದ ಆ ತುಂಡು ತೆಗೆದು ಹಿಡಿದು ನೋಡುತ್ತೇನೆ. ಇಲ್ಲಿಯವರೆಗೆ ಅಂಟಿಲ್ಲ.